ಗೋಕರ್ಣಕ್ಕೆ ಐದೇ ನಿಮಿಷ

ಶುಕ್ರವಾರ ರಾತ್ರಿ 9.30, ಬೆಂಗಳೂರಿನ ಗೊರಗುಂಟೆಪಾಳ್ಯ. ಗಂಡ, ಹೆಂಡತಿ, ಎರಡು ಬ್ಯಾಗು, ಬೀಚಿಗೆಂದೇ ಕೊಂಡ ಒಂದು ಅಗಲ ಟೋಪಿ. ಬೆಲೆಚೀಟಿ ಇನ್ನೂ ಅಂಚಿನಲ್ಲಿ ನೇತಾಡುತ್ತಿದೆ. ಗಂಡ ಫೋನು ಹಚ್ಚಿದ.

"ಎಲ್ಲಿದ್ದೀರಪ್ಪಾ?"

"ಯಶವಂತಪುರ ಬಿಟ್ವಿ ಸಾರ್, ಐದೇ ನಿಮಿಷ."

10.15ಕ್ಕೂ ಬಸ್ಸು ಯಶವಂತಪುರವನ್ನು ಬಿಡುತ್ತಲೇ ಇತ್ತು.

"ರೀ, ಸರ್ಕಾರಿ ಬಸ್ಸು ಅಂತ ಬಡ್ಕೊಂಡೆ. 2023ರಿಂದ ನಮ್ಮ ಹೆಂಗಸರಿಗೆ ಫ್ರೀ."

"ಸ್ಲೀಪರ್‌ಗೆ ಶಕ್ತಿ ಯೋಜನೆ ಇಲ್ಲ ಕಣೇ. ಕೆಂಪು ಬಸ್ಸಲ್ಲಿ ರಾತ್ರಿಯೆಲ್ಲ ಕೂತ್ಕೊಂಡೇ ಹೋಗ್ಬೇಕು."

"ಈಗೇನು ಮಲಗಿದ್ದೀವಾ?"

ಉತ್ತರವಿರಲಿಲ್ಲ. ವಾರಾಂತ್ಯದ ಖಾಸಗಿ ಟಿಕೆಟ್ಟು ಮಂಗಳವಾರದ ದರವನ್ನು ಕಂಡರೆ ಗುರುತೂ ಹಿಡಿಯುವುದಿಲ್ಲ; ಅಷ್ಟು ದುಡ್ಡು ಕೊಟ್ಟವನು ಸುಮ್ಮನಿರುವುದೇ ಲೇಸು.

11ಕ್ಕೆ ಬಸ್ಸು ಬಂತು. ಬರ್ತು ಹಿಂದಿನ ಚಕ್ರದ ನೆತ್ತಿಯ ಮೇಲೆ. ತುಮಕೂರು, ಹುಬ್ಬಳ್ಳಿ ಹೇಗೋ ಕಳೆದವು. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ಮಾತ್ರ, ಬಲತಿರುವಿಗೆ ಗಂಡ ಹೆಂಡತಿಯ ಮೇಲೆ, ಎಡತಿರುವಿಗೆ ಹೆಂಡತಿ ಗಂಡನ ಮೇಲೆ, ಟೋಪಿ ಎರಡಕ್ಕೂ ಇಬ್ಬರ ಅಡಿಗೆ. ಇಷ್ಟು ಸಾಮೀಪ್ಯವನ್ನು ಹನಿಮೂನ್ ಪ್ಯಾಕೇಜೂ ಕೊಡದು.

"ಗೋಕರ್ಣ, ಗೋಕರ್ಣ! ಬೇಗ ಇಳೀರಿ!"

ಇಳಿದರು. ಹೆದ್ದಾರಿ, ಒಂದು ಚಹಾದಂಗಡಿ, ಎರಡು ನಾಯಿ.

"ಸಮುದ್ರ ಎಲ್ರೀ?"

"ಇದು ಮಾದನಗೇರಿ ಕ್ರಾಸು," ಎಂದ ಆಟೋದವನು. "ಗೋಕರ್ಣ ಇನ್ನೂ ಸುಮಾರು 10 ಕಿಲೋಮೀಟರ್. ಕುಡ್ಲೆಯಾ, ಓಂ ಬೀಚಾ?"

"ಯಾವುದಾದ್ರೂ ಸರಿ, ಹೊರಡಪ್ಪಾ."

"ಇನ್ನಿಬ್ರು ಬರ್ಲಿ ಸರ್. ಐದೇ ನಿಮಿಷ."