ಭುಜ್‌ನಲ್ಲಿ ಬಿದ್ದ ಊರು ಎಲ್ಲಿದೆ?

ರಜಕ್ಕೆ ಅಂತ ದೂರದೂರಿಗೆ ಹೋದವರು ಇಳಿದ ದಿನವೇ ಊರು ಸುತ್ತೋಕೆ ಹೊರಡಬಾರದು ಕಣ್ರೀ. ಆದರೆ ಕೇಳೋರು ಯಾರು? ಟಿಕೆಟ್ಟಿಗೆ ಕೊಟ್ಟ ದುಡ್ಡು ವಸೂಲಾಗಬೇಕಲ್ಲ! ಬೇಗೂರಿಂದ ಮೈಸೂರು, ಅಲ್ಲಿಂದ ಬೆಂಗಳೂರು, ಬೆಂಗಳೂರಿಂದ ಗಾಂಧಿಧಾಮದ ರೈಲು, ಅದಾದ ಮೇಲೆ ಗುಜರಾತಿನ ಕಛ್ ಜಿಲ್ಲೆಯ ಭುಜ್‌ಗೆ ಇನ್ನೊಂದು ಬಸ್ಸು. ಭುಜ್‌ನಲ್ಲಿ ಇಳಿದಾಗ ನೆಲ ನಿಂತೇ ಇತ್ತು, ನಿಂತಿಲ್ಲದ್ದು ನಮ್ಮ ಕಾಲು. ರೈಲಿನ ಕುಲುಕಾಟ ಮೊಣಕಾಲಲ್ಲೇ ಉಳಿದುಬಿಟ್ಟಿತ್ತು. ಭೂಕಂಪದ ಊರು ನೋಡೋಕೆ ಇದಕ್ಕಿಂತ ಒಳ್ಳೆ ತಯಾರಿ ಬೇಕಾ ಅಂತ ಮನೆಯವರು ನಕ್ಕರು.

ವಾಪಸ್ ಬಂದಾಗ ಬೇಲಿಯಾಚೆಯ ಅಕ್ಕ ಕೇಳಿದ್ದೂ ಆ ಭೂಕಂಪದ ಊರಿನ ಬಗ್ಗೆಯೇ. "ಅಷ್ಟು ದೂರ ಹೋಗಿ ಬಿದ್ದೋಗಿರ ಊರ ನೋಡ್ಕಬಂದ್ರಾ? ನಮ್ ಗೋಪಾಲಸ್ವಾಮಿ ಬೆಟ್ಟ ಸಾಲ್ದಾಯ್ತಾ?"

ಸಾಲದೇ ಏನು. ಆದರೆ ಅಕ್ಕಾ, ಬಿದ್ದುಹೋದ ಊರು ಅಲ್ಲಿ ಕಣ್ಣಿಗೆ ಬೀಳಲ್ಲ. ಅದೇ ವಿಚಿತ್ರ.

2001ರ ಜನವರಿ 26 ನಿಮಗೆ ನೆನಪಿರಬೇಕಲ್ವಾ? ಬೆಳಿಗ್ಗೆ 8.46ಕ್ಕೆ ಭುಜ್ ನಡುಗಿದ್ದು. ನಮ್ಮ ಕಡೆ ಶಾಲೆಯಲ್ಲಿ ಬಾವುಟ ಹಾರಿಸಿ, ಮಕ್ಕಳು ಸಾಲಾಗಿ ನಿಂತು ಸಿಹಿಗೆ ಕೈಯೊಡ್ಡೋ ಹೊತ್ತು. ಕಛ್‌ನ ಅಂಜಾರಿನಲ್ಲೂ ಮಕ್ಕಳು ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದರು. ಇಕ್ಕಟ್ಟಾದ ಬೀದಿಯ ಎರಡೂ ಕಡೆಯ ಮನೆಗಳು ಅವರ ಮೇಲೆ ಬಿದ್ದವು. 185 ಮಕ್ಕಳು, 20 ಮೇಷ್ಟ್ರುಗಳು. ಇದನ್ನು ಹರಟೆಯಲ್ಲಿ ಎಳೆದಾಡೋದು ಬೇಡ. ಆದರೆ ಆ ಬೀದಿಯ ಅಗಲದ ವಿಚಾರ ಹೇಳದಿದ್ದರೆ ಇವತ್ತಿನ ಭುಜ್ ಅರ್ಥ ಆಗಲ್ಲ.

ಯಾಕಂದ್ರೆ ನಾವು ಹಳೇ ಪೇಟೆಗೆ ಹೋಗಿ, ಬಿರುಕು ಎಲ್ಲಿದೆ, ವಾಲಿದ ಗೋಡೆ ಎಲ್ಲಿದೆ ಅಂತ ಕತ್ತು ನೀಟಿಕೊಂಡು ಹುಡುಕಿದ್ದೇ ಬಂತು. ಕಂಡದ್ದು ಅಗಲವಾದ ರಸ್ತೆ. ಕೋಟೆಯೊಳಗಿನ ಹಳೇ ಊರಿನಲ್ಲಿ ಲಾರಿ ಹೋಗೋ ರಸ್ತೆ ಹೇಗೆ ಬಂತು ಹೇಳಿ? ಅವತ್ತು ಗಲ್ಲಿಗಳು ಮಣ್ಣುಕಲ್ಲು ತುಂಬಿ ಮುಚ್ಚಿಹೋದವು. ಒಳಗಿದ್ದವರಿಗೆ ಹೊರಗೆ ಬರಲಾಗಲಿಲ್ಲ, ಹೊರಗಿದ್ದವರಿಗೆ ಒಳಗೆ ಹೋಗಲಾಗಲಿಲ್ಲ. ಆಮೇಲೆ ಊರನ್ನು ಮತ್ತೆ ಕಟ್ಟುವಾಗ ಹೆಚ್ಚಿನ ನಿವೇಶನಗಳಿಂದ ಒಂದು ಪಾಲು ಕತ್ತರಿಸಿ ರಸ್ತೆಗೆ ಸೇರಿಸಿದರು. ಒಂದಷ್ಟು ಜನ ಊರಾಚೆಯ ಹೊಸ ಬಡಾವಣೆಗೆ ಹೋದರು. ಅಂದರೆ ಭುಜ್‌ನಲ್ಲಿ ಭೂಕಂಪದ ಗುರುತು ನೋಡಬೇಕಾದರೆ ರಸ್ತೆ ನೋಡಬೇಕು. ನಮ್ಮಲ್ಲಿ ಹೆದ್ದಾರಿ ಅಗಲ ಮಾಡ್ತೀವಿ ಅಂದರೆ ಜಗಲಿ ಕಲ್ಲು ಒಂದಡಿ ಹಿಂದಕ್ಕೆ ಸರಿಯೋಕೆ ಮೂರು ತಲೆಮಾರು ಬೇಕು, ಅಲ್ವಾ? ಅಲ್ಲಿಯೂ ಜನ ಸುಮ್ಮನೆ ಬಿಟ್ಟುಕೊಟ್ಟಿರಲಾರರು ಬಿಡಿ.

ಅಲ್ಲಿಂದ ಪ್ರಾಗ್ ಮಹಲ್. 1865ರಲ್ಲಿ ರಾವ್ ಪ್ರಾಗ್‌ಮಲ್‌ಜಿ ಶುರು ಮಾಡಿಸಿದ ಅರಮನೆ. ಬಿಸಿಲಿನ ನಾಡಿನಲ್ಲಿ ಇಟಲಿಯ ಇಗರ್ಜಿಯ ಹಾಗೆ ನಿಂತಿದೆ, ಜೊತೆಗೆ ಸುಮಾರು 150 ಅಡಿ ಎತ್ತರದ ಗಡಿಯಾರದ ಗೋಪುರ ಬೇರೆ. ಭೂಕಂಪದಲ್ಲಿ ಪೆಟ್ಟು ತಿಂದು ಆಮೇಲೆ ರಿಪೇರಿಯಾದದ್ದು. ದರ್ಬಾರ್ ಹಾಲಿನಲ್ಲಿ ಹೊಟ್ಟೆ ತುಂಬಿಸಿ ನಿಲ್ಲಿಸಿದ ಸತ್ತ ಪ್ರಾಣಿಗಳು ಧೂಳು ಹೊತ್ತು ನಿಂತಿವೆ. ಬಂಡೀಪುರದ ಬಾಗಿಲಲ್ಲಿ ಮನೆ ಮಾಡಿಕೊಂಡಿರೋ ನಾವು ಅಷ್ಟು ದೂರ ಹೋಗಿ ಸತ್ತ ಪ್ರಾಣಿ ನೋಡಿದ್ದು! ಅಂದಹಾಗೆ, ಬೇಟೆಯ ಹುಲಿಗೆ ಹೊಟ್ಟೆ ತುಂಬೋ ಕೆಲಸದಲ್ಲಿ ನಮ್ಮ ಮೈಸೂರಿನ ವ್ಯಾನ್ ಇಂಗನ್ ಕಂಪನಿ ಒಂದು ಕಾಲಕ್ಕೆ ಜಗತ್ತಿಗೇ ಹೆಸರುವಾಸಿ. ಮಹಾರಾಜರುಗಳೆಲ್ಲ ಅಲ್ಲಿಗೇ ಕಳಿಸುತ್ತಿದ್ದರು. ಅದನ್ನೇ ಮನೆಯವರಿಗೆ ವಿವರಿಸುತ್ತಾ ತಿರುಗಿ ನೋಡಿದರೆ ಅವರು ಕಂಬಕ್ಕೊರಗಿ ನಿದ್ದೆ ಹೋಗಿದ್ದರು.

ಪಕ್ಕದ ಆಯಿನಾ ಮಹಲ್ ಮಾತ್ರ ನಿದ್ದೆ ಬಿಡಿಸಿತು. ಹದಿನೆಂಟನೇ ಶತಮಾನದ ರಾವ್ ಲಖ್‌ಪತ್‌ಜಿಗೆ ರಾಮ್‌ಸಿಂಗ್ ಮಾಲಂ ಅನ್ನೋ ನಾವಿಕ ಕಟ್ಟಿಕೊಟ್ಟದ್ದು. ಈ ರಾಮ್‌ಸಿಂಗನ ಹಡಗು ಒಡೆದು, ಡಚ್ಚರ ಹಡಗಿನವರು ಎತ್ತಿಕೊಂಡು ಹೋಗಿ, ಹಾಲೆಂಡಿನಲ್ಲಿ ಗಾಜು, ಹೆಂಚು, ಗಡಿಯಾರದ ಕೆಲಸ ಕಲಿತು ಬಂದನಂತೆ. ರಾಜ ಕೂರೋ ಜಾಗದ ಸುತ್ತ ನೀರು, ಕಾರಂಜಿ. ನಡುವೆ ತಣ್ಣಗೆ ಕೂತು ಪದ್ಯ ಬರೀತಿದ್ದನಂತೆ. ಅಷ್ಟು ಸುಖ ಇದ್ದರೆ ಯಾರು ತಾನೇ ಬರೆಯಲ್ಲ? ಮೇಲಿನ ಭಾಗ 2001ರಲ್ಲಿ ಹಾಳಾಯಿತು, ಉಳಿದ ಕಡೆ ಕನ್ನಡಿಗಳು ಇನ್ನೂ ಇವೆ. ಇದೇ ರಾಜನ ಸಮಾಧಿಯ ಕೆಂಪು ಕಲ್ಲಿನ ಛತ್ರಿ ಮಂಟಪವೂ ಆಗಲೇ ಉರುಳಿಹೋಯಿತು.

ಕಲ್ಲಿನ ಛತ್ರಿ ಬಿತ್ತು, ಆದರೆ ಮಣ್ಣಿನ ಗುಡಿಸಲು ನಿಂತಿತು! ಭುಜ್‌ನಿಂದ ಬಡಗಲಾಗಿ ಬನ್ನಿ ಹುಲ್ಲುಗಾವಲಿಗೆ ಹೋದರೆ 'ಭುಂಗಾ' ಮನೆಗಳು ಸಿಗುತ್ತವೆ. ನಮ್ಮ ಅಜ್ಜಿಯರ ಕಾಲದ ರಾಗಿ ವಾಡೆಗೆ ಹುಲ್ಲಿನ ಟೋಪಿ ಹಾಕಿದ ಹಾಗೆ, ಗುಂಡಗೆ. ಮೂಲೆಯೇ ಇಲ್ಲದ ಗೋಡೆ, ಹಗುರ ಮಾಡು. ಗೋಡೆ ಸೀಳೋಕೆ ಶುರುವಾಗೋದು ಮೂಲೆಯಲ್ಲಿ ತಾನೇ? ಗುಂಡಗಿದ್ದರೆ ಪೆಟ್ಟು ಸುತ್ತಲೂ ಹಂಚಿಹೋಗುತ್ತೆ. 1819ರಲ್ಲಿ ಅಲ್ಲಿ ಇನ್ನೊಂದು ದೊಡ್ಡ ಭೂಕಂಪವಾಗಿ, ಉಪ್ಪಿನ ಬಯಲಾದ ರಣ್‌ನಲ್ಲಿ ನೆಲವೇ ಉಬ್ಬಿ ಅಲ್ಲಾ ಬಂಡ್ ಅನ್ನೋ ಉದ್ದನೆಯ ದಿಬ್ಬ ಎದ್ದಿತು. ಅದರ ನಂತರ ಜನ ಈ ಗುಂಡು ಮನೆ ಹಿಡಿದರು ಅಂತಾರೆ. 2001ರಲ್ಲೂ ಬಹಳಷ್ಟು ಭುಂಗಾಗಳು ಜಗ್ಗಲಿಲ್ಲ. ಎಂಜಿನಿಯರುಗಳು ಆಮೇಲೆ ಅದನ್ನೇ ನೋಡಿಕೊಂಡು ಹೋದರು.

ಸಂಜೆ ಭುಜಿಯಾ ಗುಡ್ಡದ ಸ್ಮೃತಿವನ. 2022ರಲ್ಲಿ ತೆರೆದದ್ದು. ಮಳೆನೀರು ಹಿಡಿಯೋ ಕಟ್ಟೆಗಳ ಉದ್ದಕ್ಕೂ ಸತ್ತವರ ಹೆಸರಿನ ಫಲಕಗಳು, ಸುಮಾರು 13,000. ಸುಸ್ತೆಲ್ಲ ಅಲ್ಲಿ ಮರೆತುಹೋಗುತ್ತೆ. ಮ್ಯೂಸಿಯಮ್ಮಿನ ಒಂದು ಕೋಣೆಯಲ್ಲಿ ನೆಲ ಅಲ್ಲಾಡಿಸಿ ಭೂಕಂಪ ಹೇಗಿರುತ್ತೆ ಅಂತ ತೋರಿಸುತ್ತಾರೆ. ರೈಲಿನ ಕುಲುಕಾಟದ ಬಗ್ಗೆ ನಕ್ಕವರು ಅಲ್ಲಿ ನನ್ನ ತೋಳು ಹಿಡಿದುಕೊಂಡರು.

ಇಷ್ಟೆಲ್ಲ ಕೇಳಿ ಅಕ್ಕ, "ನಮ್ ಕಡಗೆ ಅದೆಲ್ಲ ಬರದಿಲ್ಲ ಬುಡಿ" ಅಂದರು. ಕಛ್‌ನಷ್ಟು ಅಪಾಯ ನಮಗಿಲ್ಲ, ನಿಜ. ಆದರೂ ಘಟ್ಟದ ಕೆಳಗಿನ ಕೊಯಮತ್ತೂರು 1900ರ ಫೆಬ್ರವರಿ 8ರಂದು ಅಲ್ಲಾಡಿತ್ತು, ಹೆಚ್ಚುಕಡಿಮೆ 6ರ ತೀವ್ರತೆ. ಅಷ್ಟಕ್ಕೆ ಅಕ್ಕ ಸುಮ್ಮನಾದರು.

ಚಳಿಗಾಲದಲ್ಲಿ ಬಿಳಿ ರಣ್ ನೋಡಲು ಹೋಗೋರೆಲ್ಲ ಭುಜ್‌ನಲ್ಲಿ ಬಸ್ಸು ಬದಲಾಯಿಸಿ ಓಡುತ್ತಾರೆ. ನೀವು ಹೋದರೆ ಒಂದು ದಿನ ಆ ಊರಿಗೇ ಇಡಿ. ಮೊದಲು ರೂಮಿಗೆ ಹೋಗಿ ಒಂದು ಒಳ್ಳೆ ನಿದ್ದೆ ಮಾಡಿ, ಊರು ಆಮೇಲೆ.