ಹೆಚ್ಚುವರಿ ತಾತ

ಮಿಯಾಪುರದ ಅಪಾರ್ಟ್‌ಮೆಂಟುಗಳಲ್ಲಿ ಬೆಂಗಳೂರಿನಿಂದ ಆಮದಾದ ತಾತಂದಿರಿಗೆ ಬರವಿಲ್ಲ. ಮಗ ಹೈಟೆಕ್ ಸಿಟಿಯಲ್ಲಿ, ಸೊಸೆ ಗಚ್ಚಿಬೌಲಿಯಲ್ಲಿ, ಮೊಮ್ಮಗ ಐದನೇ ಕ್ಲಾಸಿನಲ್ಲಿ, ತಾತ ಬಾಲ್ಕನಿಯಲ್ಲಿ. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಆಯುಷ್ಯ ಸವೆಸಿ ಬಂದ ಜೀವ. ಹಾಲಿನವನು ಎರಡು ನಿಮಿಷ ತಡ ಮಾಡಿದರೆ ಮೆಮೊ ಕೊಡಲು ಕೈ ತುರಿಸುತ್ತದೆ. ಇಂಥವರ ಕಿವಿಗೆ ‘ಮ್ಯೂಸಿಯಂ ಪ್ರವಾಸಕ್ಕೆ ಮನೆಯವರೊಬ್ಬರು ಜೊತೆಗೆ ಬರಬಹುದು’ ಎಂಬ ಶಾಲೆಯ ಸುತ್ತೋಲೆ ಬಿತ್ತೋ, ಮುಗಿಯಿತು. ಹಿಂದಿನ ರಾತ್ರಿಯೇ ಷರಟಿಗೆ ಇಸ್ತ್ರಿ, ಗಡಿಯಾರಕ್ಕೆ ಕೀ.

ಮಕ್ಕಳು ಹೊರಟಿರುವುದು ಸಾಲಾರ್ ಜಂಗ್ ಮ್ಯೂಸಿಯಂಗೆ. ತಾತನ ಮ್ಯೂಸಿಯಂ ಮಾತ್ರ ಆಲ್ವಿನ್ ಕ್ರಾಸ್‌ರೋಡಿನಲ್ಲೇ ಬಾಗಿಲು ತೆರೆಯುತ್ತದೆ.

“ಆಲ್ವಿನ್ ಅಂದರೆ ಏನು? ಯಾರು ಹೇಳ್ತೀರಿ?”

“ಬಸ್ ಸ್ಟಾಪ್!” ಇಡೀ ಬಸ್ಸು.

ತಾತನಿಗೆ ಬೇಕಾದದ್ದು ಇದೇ ತಪ್ಪು ಉತ್ತರ. ನಿಜಾಮರ ಕಾಲದಲ್ಲಿ, 1942ರಲ್ಲಿ ಹುಟ್ಟಿದ ಕಾರ್ಖಾನೆ ಅದು. ಫ್ರಿಜ್ಜು ಮಾಡಿತು, ಬಸ್ಸಿಗೆ ಬಾಡಿ ಕಟ್ಟಿತು, ಕೊನೆಗೆ ಜಪಾನಿನ ಸೈಕೊ ಕೈಹಿಡಿದು ವಾಚಿಗೂ ಇಳಿಯಿತು. ವಾಚಿನ ಮಾತು ಬಂದದ್ದೇ ದನಿಯಲ್ಲಿ ದಾಯಾದಿಯ ಹುಳಿ. “ನಾವು 1961ರಲ್ಲೇ ಸಿಟಿಝನ್ ಜೊತೆ ಶುರು ಮಾಡಿದ್ವಿ. ಇವರ ಫ್ರಿಜ್ಜು ಮಾತ್ರ ಚೆನ್ನಾಗಿತ್ತು.” ಮೇಲೆ ಮೆಟ್ರೊ ಹಾದುಹೋಗುತ್ತದೆ, ಮಕ್ಕಳು ಕಿಟಕಿಗೆ ಮುಗಿಬೀಳುತ್ತಾರೆ. “ಕೊರಿಯಾದ ಬೋಗಿ! ನಮ್ಮ ಬಿಇಎಂಎಲ್‌ನವರು ಸತ್ತಿದ್ರಾ?” ಬಾಲಾನಗರ ಬರುವ ಹೊತ್ತಿಗೆ ಐಡಿಪಿಎಲ್‌ನ ಔಷಧಿ ಕಾರ್ಖಾನೆಯ ಕಥೆ ತೆಗೆಯುತ್ತಾರೆ. ಟೀಚರು ಆಗಲೇ ತಲೆನೋವಿನ ಮಾತ್ರೆ ನುಂಗಿಯಾಗಿದೆ.

ಮೂಸಿ ನದಿ ಕಂಡರೆ ತಾತನಿಗೆ ಮೈಮೇಲೆ ದೇವರು ಬಂದ ಹಾಗೆ. 1908ರ ಮಹಾಪೂರ, ಮರುವರ್ಷ ನಿಜಾಮರು ಕರೆಸಿಕೊಂಡ ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ, ಅವರ ಯೋಜನೆಯಂತೆ ಎದ್ದ ಉಸ್ಮಾನ್ ಸಾಗರ, ಹಿಮಾಯತ್ ಸಾಗರ! ಇಷ್ಟನ್ನೂ ಕನ್ನಡ ಬಾಲ ಹಚ್ಚಿದ ತೆಲುಗಿನಲ್ಲಿ ಹೇಳುತ್ತಾರೆ. ಲಿಪಿ ಒಂದೇ ಥರ ಇದೆಯಲ್ಲ, ಭಾಷೆಯೂ ಬಂದ ಹಾಗೇ ಎಂಬುದು ಅವರ ಲೆಕ್ಕ.

“ನೀವು ಕುಡಿಯೋ ನೀರಿನಲ್ಲಿ ಮುದ್ದೇನಹಳ್ಳಿ ಇದೆ, ಗೊತ್ತಾ?”

“ಮಾ ಇಂಟಿಕಿ ಟ್ಯಾಂಕರ್ ವಸ್ತುಂದಿ ತಾತಾ,” ಎನ್ನುತ್ತದೆ ಒಂದು ಪುಟ್ಟ ದನಿ. ಅದನ್ನು ತಾತ ಕೇಳಿಸಿಕೊಳ್ಳುವುದಿಲ್ಲ.

ಮ್ಯೂಸಿಯಂ ಒಳಗೆ ಕಲೆಯ ಕೋಣೆಗಳನ್ನು ಅವರು ರನ್ನಿಂಗ್ ರೇಸಿನಲ್ಲಿ ಮುಗಿಸುತ್ತಾರೆ. ಜಗತ್ತೇ ಬೆರಗಾಗಿ ನೋಡುವ ಮುಸುಕಿನ ರೆಬೆಕಾ ಶಿಲ್ಪದ ಮುಂದೆ ಒಂದೇ ಷರಾ: “ಚಲಿಸೋ ಭಾಗ ಒಂದೂ ಇಲ್ಲ.” ಅವರ ದಾರಿಯೆಲ್ಲ ಕುಕ್ ಅಂಡ್ ಕೆಲ್ವಿಯ ಸಂಗೀತ ಗಡಿಯಾರದ ಕಡೆಗೆ. ಗಂಟೆಗೊಮ್ಮೆ ಗಡ್ಡದ ಬೊಂಬೆಯೊಂದು ಹೊರಬಂದು ಗಂಟೆ ಬಾರಿಸಿ ಒಳಹೋಗುವುದನ್ನು ನೋಡಲು ಅಲ್ಲಿ ಜಾತ್ರೆಯೇ ನೆರೆದಿರುತ್ತದೆ. ಎಲ್ಲರ ಕಣ್ಣು ಬೊಂಬೆಯ ಮೇಲೆ, ತಾತನ ಕಣ್ಣು ಮಣಿಕಟ್ಟಿನ ಮೇಲೆ. ಹನ್ನೆರಡು ಬಾರಿಸುತ್ತದೆ.

“ಒಂದು ನಿಮಿಷ ಮುಂದಿದೆ,” ತಾತ ಘೋಷಿಸುತ್ತಾರೆ. ಕಾವಲುಗಾರ ಮಾತಾಡದೆ ತನ್ನ ಮೊಬೈಲು ತೋರಿಸುತ್ತಾನೆ. ಸರಿಯಾಗಿ ಹನ್ನೆರಡು.

“ಅದೂ ಮುಂದಿದೆ.”

ಅಷ್ಟರಲ್ಲಿ ಗೈಡು ಕಾಣೆ. ಮಕ್ಕಳು ಮಾತ್ರ ತಾತನನ್ನು ಮುತ್ತಿಕೊಂಡಿರುತ್ತಾರೆ. ಕೈಯಿಂದ ವಾಚು ಕಳಚಿ ಕಿವಿಗೆ ಹಿಡಿಯಲು ಕೊಡುವ ಗೈಡು ಇನ್ನೆಲ್ಲಿ ಸಿಗಬೇಕು?

ವಾರ ಕಳೆದು ಪ್ರಬಂಧಗಳು ತಿದ್ದಿ ಬರುತ್ತವೆ. ಸಾಲಾರ್ ಜಂಗ್ ಮ್ಯೂಸಿಯಂ ಕಟ್ಟಿಸಿದವರು ವಿಶ್ವೇಶ್ವರಯ್ಯ, ಬೊಂಬೆ ಗಡಿಯಾರ ತಯಾರಾದದ್ದು ಜಾಲಹಳ್ಳಿಯಲ್ಲಿ, ರೆಬೆಕಾ ಕೆಟ್ಟು ನಿಂತಿದ್ದಾಳೆ. ಟೀಚರು ಎಲ್ಲಕ್ಕೂ ಕೆಂಪು ಗೆರೆ ಎಳೆದಿದ್ದಾರೆ. ಮೊಮ್ಮಗನ ಪುಸ್ತಕ ಹಿಡಿದು ತಾತ ಮರುದಿನವೇ ಸ್ಟಾಫ್ ರೂಮಿನ ಬಾಗಿಲಲ್ಲಿ: “ಮಿಕ್ಕಿದ್ದು ಒಪ್ಪಿದೆ ಮೇಡಂ. ಹಿಮಾಯತ್ ಸಾಗರಕ್ಕೆ ಅರ್ಧ ಮಾರ್ಕ್ ಬರಬೇಕಲ್ಲ?”