ತಪಸ್ಸುಕಾಲದ ಬೀರು

ಹಾಸನ ಸೀಮೆಯ ಕ್ರೈಸ್ತರಿಗೆ ವಿಭೂತಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರ ಬಿಟ್ಟು 40 ದಿನ ತಪಸ್ಸುಕಾಲ: ಪ್ರಾರ್ಥನೆ, ಉಪವಾಸ, ದಾನ. ಬಾಡೂಟ ಬಿಡಬಹುದು, ಹೊಟ್ಟೆಗೆ ಗುಂಡಿ ಎಟುಕದ ಶರಟು ಬಿಡುವುದೇ ಕಷ್ಟ. ಬಿಟ್ಟರೂ ದಾನಕ್ಕೆ ಹೋಗುವುದು ಹರಕಲೇ. ದಂಡಿಗನಹಳ್ಳಿ ಕಡೆ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವಾಕೆ ಬಂದರೆ ಗಮನಿಸಿ: ಸೀರೆ ಬಿಡಿಸಿ ಬೆಳಕಿಗೆ ಹಿಡಿಯುತ್ತಾಳೆ, ಪ್ಯಾಂಟಿನ ಜಿಪ್ ಎಳೆಯುತ್ತಾಳೆ, ಕಾಲರ್ ಸವೆದಿದ್ದರೆ ಪಕ್ಕಕ್ಕೆ ತಳ್ಳುತ್ತಾಳೆ. ಒಂದು ಡಬರಿಗೇ ಇಷ್ಟು ಪರೀಕ್ಷೆ, ಪುಣ್ಯಕ್ಕೆ ಬೇಡವೇ?

‘ಇಲ್ಲದವರಿಗೆ ಏನಾದರೇನು’ ಎನ್ನುವವರುಂಟು. ಇಲ್ಲದವರೂ ಮದುವೆಗೆ, ಜಾತ್ರೆಗೆ ಹೋಗುತ್ತಾರೆ ಸ್ವಾಮಿ; ಅವರ ಪ್ಯಾಂಟೂ ಜಾರಬಾರದು. ‘ಸಣ್ಣಗಾದ ಮೇಲೆ ಹಾಕಿಕೊಳ್ಳುತ್ತೇನೆ’ ಎಂಬ ವಾದವೂ ನಿಲ್ಲದು. ಸಣ್ಣಗಾದವರು ಮೊದಲು ಓಡುವುದು ಬಟ್ಟೆ ಅಂಗಡಿಗೆ. ಹರಿದದ್ದು ನೆಲ ಒರೆಸಲಿ. ಕೊಡುವುದನ್ನು ಒಗೆದು, ಗುಂಡಿ ಹೊಲಿದು, ಇಸ್ತ್ರಿ ಹಾಕಿ ಕೊಡಿ.